ಪಿಎಸ್ಎಟಿಯಲ್ಲಿ 1080 ಬಂದಿದೆ, ಈಗ ಏನು ಮಾಡಬೇಕು?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿ ಇದ್ದೇವೆ. ಮಗಳು ಹತ್ತನೇ ಗ್ರೇಡ್. ಅಕ್ಟೋಬರ್‌ನಲ್ಲಿ ಶಾಲೆಯಲ್ಲೇ ಪಿಎಸ್ಎಟಿ ಬರೆದಳು. 1520ಕ್ಕೆ 1080 ಬಂದಿದೆ. ರೀಡಿಂಗ್ ಆ್ಯಂಡ್ ರೈಟಿಂಗ್ 590, ಮ್ಯಾಥ್ 490. ನಮ್ಮ ಯಜಮಾನರು ಲೆಕ್ಕ ಹಾಕಿ 71 ಪರ್ಸೆಂಟ್ ಅಂದರು. ಆಮೇಲೆ ಮಗಳ ಜೊತೆ ಸರಿಯಾಗಿ ಮಾತೇ ಆಡಿಲ್ಲ. ಅವರ ಅಣ್ಣನ ಮಗಳೂ ಹತ್ತನೇ ಗ್ರೇಡ್, ಅವಳಿಗೆ 1390. ಅವಳು ಆಗಲೇ ಪ್ರೀಕ್ಯಾಲ್ಕುಲಸ್ ಓದ್ತಿದ್ದಾಳೆ. ನಮ್ಮವಳು ಈ ವರ್ಷ ಜ್ಯಾಮಿಟ್ರಿ. ಶಾಲೆಯಲ್ಲಿ ಹೆಚ್ಚಿನ ವಿಷಯಗಳಲ್ಲಿ ಅವಳಿಗೆ ಎ ಬರುತ್ತದೆ. ಒಂದು ಕೋಚಿಂಗ್ ಕ್ಲಾಸ್‌ನವರು 3,000 ಡಾಲರ್ ಪ್ಯಾಕೇಜ್ ಹೇಳಿ, ಈ ವಾರವೇ ಸೇರಿಸಿ ಅಂತಿದ್ದಾರೆ. ವರದಿಯಲ್ಲಿ ಬೆಂಚ್‌ಮಾರ್ಕ್, ಪರ್ಸೆಂಟೈಲ್ ಅಂತೆಲ್ಲ ಇದೆ, ನಮಗೆ ಒಂದೂ ತಿಳಿಯಲಿಲ್ಲ. ಮನೆಯಲ್ಲಿ ಬರೀ ಕನ್ನಡ ಮಾತಾಡಿದ್ದೇ ತಪ್ಪಾಯ್ತಾ? ಒಳ್ಳೆಯ ಕಾಲೇಜಿನ ಬಾಗಿಲು ಮುಚ್ಚಿತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಯಾವ ಬಾಗಿಲೂ ಮುಚ್ಚಿಲ್ಲ. ಪಿಎಸ್ಎಟಿ ಅಂಕ ಕಾಲೇಜಿನ ಅರ್ಜಿಯ ಜೊತೆ ಹೋಗುವುದೇ ಇಲ್ಲ. ಯಾವ ಕಾಲೇಜಿನ ಅಡ್ಮಿಷನ್ ಆಫೀಸೂ ಇದನ್ನು ಕೇಳುವುದಿಲ್ಲ. ಕಾಲೇಜಿನ ಅರ್ಜಿಯ ಜೊತೆ ಹೋಗುವುದು ಮುಂದೆ ಬರೆಯುವ ಎಸ್ಎಟಿ ಅನ್ನುವ ಪರೀಕ್ಷೆಯ ಅಂಕ, ಅದಕ್ಕೆ ಇದು ಅಭ್ಯಾಸ. ಈವರೆಗೆ ಮಗಳು ಏನು ಕಲಿತಿದ್ದಾಳೆ, ಏನು ಕಲಿಯುವುದು ಬಾಕಿ ಇದೆ ಅನ್ನುವ ವರದಿ ಅಷ್ಟೇ. ಸಿಇಟಿ ರ‍್ಯಾಂಕ್ ನೋಡಿ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟ. ಅಲ್ಲಿ ಒಂದು ಪರೀಕ್ಷೆ, ಒಂದು ರ‍್ಯಾಂಕ್, ಒಂದು ಸೀಟು. ಇಲ್ಲಿ ಹತ್ತನೇ ಗ್ರೇಡಿನ ಪಿಎಸ್ಎಟಿಗೆ ಯಾವ ಸೀಟೂ ಕಟ್ಟಿಲ್ಲ.

ಹಾಗಂತ ವರದಿಯನ್ನು ಮಡಚಿ ಇಟ್ಟುಬಿಡಿ ಅಂತಲೂ ಹೇಳುವುದಿಲ್ಲ. ಸರಿಯಾಗಿ ಓದಿದರೆ ತುಂಬಾ ಉಪಯೋಗಕ್ಕೆ ಬರುತ್ತದೆ, ಅದೂ ಇನ್ನೆರಡು ಮೂರು ತಿಂಗಳಲ್ಲೇ.

ಮೊದಲು ಆ 71 ಪರ್ಸೆಂಟ್ ವಿಚಾರ. ಎಸ್ಎಸ್ಎಲ್‌ಸಿಯಲ್ಲಿ 625ಕ್ಕೆ ಇಷ್ಟು, ಪಿಯುಸಿಯಲ್ಲಿ 600ಕ್ಕೆ ಇಷ್ಟು ಅಂತ ಲೆಕ್ಕ ಹಾಕಿದ ಕೈ ಇಲ್ಲೂ ಅದೇ ಮಾಡುತ್ತದೆ. ಆದರೆ ಪಿಎಸ್ಎಟಿ ಅಂಕ ಸೊನ್ನೆಯಿಂದ ಶುರುವಾಗುವುದಿಲ್ಲ. ಒಂದೊಂದು ವಿಭಾಗಕ್ಕೂ 160ರಿಂದ 760, ಒಟ್ಟು 320ರಿಂದ 1520. ಎಲ್ಲಾ ಉತ್ತರ ತಪ್ಪಾದರೂ 320 ಬರುತ್ತದೆ. ಹಾಗಾಗಿ 1080ನ್ನು 1520ರಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಎಷ್ಟು ಪ್ರಶ್ನೆ ಸರಿ ಮಾಡಿದ್ದಾಳೆ ಅನ್ನುವುದೂ ಅದರಿಂದ ಗೊತ್ತಾಗುವುದಿಲ್ಲ. ಈ ಅಂಕಗಳು ಎಸ್ಎಟಿಯ ಅಳತೆಗೋಲಿನ ಮೇಲೇ ಕೂತಿವೆ. ಎಸ್ಎಟಿಯ ಅಳತೆ 400ರಿಂದ 1600. ಪಿಎಸ್ಎಟಿ ಸ್ವಲ್ಪ ಸುಲಭ, ಅದಕ್ಕೇ ಅದರ ತುದಿ 1520ಕ್ಕೆ ನಿಲ್ಲುತ್ತದೆ. ಅದೇ ದಿನ ಎಸ್ಎಟಿ ಬರೆದಿದ್ದರೂ ನಿಮ್ಮ ಮಗಳಿಗೆ ಹೆಚ್ಚುಕಡಿಮೆ 1080ರ ಹತ್ತಿರವೇ ಬರುತ್ತಿತ್ತು. 1080ಕ್ಕೆ ಇರುವ ಅರ್ಥ ಇದು.

ಪರ್ಸೆಂಟೈಲ್ ಬೇರೆ. ಜೆಇಇ ಬಂದ ಮೇಲೆ ಈ ಪದ ನಮ್ಮ ಕಡೆ ಮನೆಮನೆಗೂ ಗೊತ್ತು, ಆದರೂ ಪರ್ಸೆಂಟ್ ಜೊತೆ ಬೆರೆಸಿಬಿಡುತ್ತೇವೆ. ವರದಿಯಲ್ಲಿ 78 ಅಂತ ಬರೆದಿದ್ದರೆ, 100 ಮಕ್ಕಳಲ್ಲಿ 78 ಮಕ್ಕಳ ಅಂಕ ಇವಳಷ್ಟೇ ಅಥವಾ ಇವಳಿಗಿಂತ ಕಡಿಮೆ ಅಂತ ಅರ್ಥ. ಯಾವ ಮಕ್ಕಳ ಜೊತೆ ಹೋಲಿಸಿದ್ದಾರೆ ಅನ್ನುವುದು ಪಕ್ಕದಲ್ಲೇ ಇರುತ್ತದೆ. ಅದನ್ನು ಓದದೆ ಬರೀ ಸಂಖ್ಯೆ ನೋಡಬೇಡಿ. ಇನ್ನೊಂದು ಮಾತು. ಫ್ರಿಸ್ಕೋ, ಪ್ಲೇನೋ ಅಂಥ ಊರುಗಳಲ್ಲಿ ನಮ್ಮ ಕಣ್ಣಿಗೆ ಬೀಳುವ ಮಕ್ಕಳೆಲ್ಲ ಓದಿನಲ್ಲಿ ಮುಂದಿರುವವರೇ. ಸಂಘದ ದೀಪಾವಳಿ ಊಟದಲ್ಲಿ ಪಕ್ಕ ಕೂತವರ ಮಗನ ಅಂಕ ಕೇಳಿ ಬಂದರೆ ದೇಶದ ಮಕ್ಕಳೆಲ್ಲ 1400 ತೆಗೆದಂತೆ ಅನ್ನಿಸುತ್ತದೆ. ಹಾಗಿಲ್ಲ. 1080 ಅಂದರೆ ಹತ್ತನೇ ಗ್ರೇಡಿನಲ್ಲಿ ಸರಾಸರಿಗಿಂತ ಚೆನ್ನಾಗಿಯೇ ಮೇಲಿರುವ ಅಂಕ.

ಪರೀಕ್ಷೆ ನಡೆಯುವ ರೀತಿಯೂ ನಿಮಗೆ ಗೊತ್ತಿರಲಿ. 2023ರಿಂದ ಪಿಎಸ್ಎಟಿ ಪೂರ್ತಿ ಕಂಪ್ಯೂಟರ್ ಮೇಲೆ, ಬ್ಲೂಬುಕ್ ಅನ್ನುವ ಆ್ಯಪ್‌ನಲ್ಲಿ. ಒಟ್ಟು 98 ಪ್ರಶ್ನೆ, 2 ಗಂಟೆ 14 ನಿಮಿಷ. ಎರಡು ವಿಭಾಗ, ಒಂದೊಂದರಲ್ಲೂ ಎರಡೆರಡು ಭಾಗ. ಮೊದಲ ಭಾಗದಲ್ಲಿ ಸುಲಭ, ಮಧ್ಯಮ, ಕಷ್ಟ ಎಲ್ಲಾ ಬೆರೆತಿರುತ್ತವೆ. ಅದನ್ನು ಹೇಗೆ ಮಾಡಿದ್ದಾಳೆ ಅನ್ನುವುದರ ಮೇಲೆ ಎರಡನೇ ಭಾಗ ಕಷ್ಟದ್ದು ಬರುತ್ತದೋ ಸುಲಭದ್ದು ಬರುತ್ತದೋ ತೀರ್ಮಾನವಾಗುತ್ತದೆ. ಸುಲಭದ್ದು ಬಂದರೆ ಅದರಲ್ಲಿ ಎಲ್ಲಾ ಸರಿ ಮಾಡಿದರೂ ಅಂಕ ಒಂದು ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಅಂದರೆ ಗಣಿತದ ಮೊದಲ 35 ನಿಮಿಷದಲ್ಲಿ ಅವಸರಕ್ಕೆ ಆದ ನಾಲ್ಕೈದು ತಪ್ಪು ಇಡೀ ವಿಭಾಗದ ಅಂಕವನ್ನು ಕೆಳಗೆ ಎಳೆಯಬಹುದು. ಇಬ್ಬರು ಮಕ್ಕಳು ಅಷ್ಟೇ ಪ್ರಶ್ನೆ ಸರಿ ಮಾಡಿದ್ದರೂ ಅಂಕ ಬೇರೆ ಬೇರೆ ಬರುವುದೂ ಇದೇ ಕಾರಣಕ್ಕೆ. ನೆಗೆಟಿವ್ ಮಾರ್ಕಿಂಗ್ ಇಲ್ಲ. ಜೆಇಇ ಬರೆದ ಅಪ್ಪಂದಿರು ಅಭ್ಯಾಸಬಲದಿಂದ, ಗೊತ್ತಿಲ್ಲದಿದ್ದರೆ ಬಿಟ್ಟುಬಿಡು ಅಂತ ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಇಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಅಂಕದ ಪಕ್ಕದಲ್ಲಿ ಒಂದು ರೇಂಜ್ ಇರುತ್ತದೆ, ನೋಡಿ. ಒಂದೊಂದು ವಿಭಾಗಕ್ಕೆ ಸುಮಾರು 30 ಅಂಕ ಆಚೆ ಈಚೆ. ಇದೇ ಹುಡುಗಿ ಇನ್ನೊಂದು ದಿನ ಇಂಥದ್ದೇ ಪರೀಕ್ಷೆ ಬರೆದರೆ 490ರ ಬದಲು 470 ಬರಬಹುದು, 510 ಬರಬಹುದು. ಎರಡೂ ಒಂದೇ ಹುಡುಗಿಯ ಅಂಕ. ಹಾಗಾಗಿ 10, 20 ಅಂಕ ಏರಿತು ಅಂತ ಹಿಗ್ಗುವುದೂ ಬೇಡ, ಇಳಿಯಿತು ಅಂತ ಬೈಯುವುದೂ ಬೇಡ.

ಇನ್ನು ಬೆಂಚ್‌ಮಾರ್ಕ್. ಕಾಲೇಜಿಗೆ ಸಿದ್ಧಳಾಗಿದ್ದಾಳಾ ಅನ್ನುವ ಪ್ರಶ್ನೆಗೆ ವರದಿಯಲ್ಲಿ ನೇರ ಉತ್ತರ ಸಿಗುವುದು ಇಲ್ಲಿ. ಎಸ್ಎಟಿಯಲ್ಲಿ ಈ ಗೆರೆ ರೀಡಿಂಗ್ ಆ್ಯಂಡ್ ರೈಟಿಂಗ್‌ಗೆ 480, ಮ್ಯಾಥ್‌ಗೆ 530. ಗಣಿತದಲ್ಲಿ 530 ತಲುಪಿದ ಮಗು ಕಾಲೇಜಿನ ಮೊದಲ ಸೆಮಿಸ್ಟರಿನ ಆಲ್ಜೀಬ್ರಾ, ಸ್ಟಾಟಿಸ್ಟಿಕ್ಸ್, ಕ್ಯಾಲ್ಕುಲಸ್ ಅಂಥ ಕೋರ್ಸಿನಲ್ಲಿ ಕನಿಷ್ಠ ಸಿ ಗ್ರೇಡ್ ಪಡೆಯುವ ಸಾಧ್ಯತೆ 75 ಪರ್ಸೆಂಟ್. ಗೆರೆ ದಾಟಿದರೆ ದೊಡ್ಡ ಕಾಲೇಜಿನಲ್ಲಿ ಸೀಟು ಸಿಗುತ್ತದೆ ಅಂತಲ್ಲ. ದಾಟದಿದ್ದರೆ ಕಾಲೇಜೇ ಬೇಡ ಅಂತಲೂ ಅಲ್ಲ. ಸಿ ಗ್ರೇಡ್, ಮುಕ್ಕಾಲು ಪಾಲು ಸಾಧ್ಯತೆ, ಅಷ್ಟೇ ಅದರ ಮಾತು.

ಚಿಕ್ಕ ಗ್ರೇಡಿನ ಮಕ್ಕಳಿಗೆ ಈ ಗೆರೆ ಕೆಳಗಿರುತ್ತದೆ. ಹತ್ತನೇ ಗ್ರೇಡಿಗೆ 430 ಮತ್ತು 480, ಹನ್ನೊಂದನೇ ಗ್ರೇಡಿಗೆ 460 ಮತ್ತು 510. ನಿಮ್ಮ ಮಗಳ 590 ಎಸ್ಎಟಿಯ ಗೆರೆಯನ್ನೇ 110 ಅಂಕದಿಂದ ದಾಟಿದೆ. ಗಣಿತದ 490 ಈ ವರ್ಷದ ಗೆರೆಯನ್ನು 10 ಅಂಕದಿಂದ ದಾಟಿದೆ. ಆದರೆ ಅದೇ 490 ಮುಂದಿನ ಅಕ್ಟೋಬರ್‌ನಲ್ಲೂ ಬಂದರೆ ಗೆರೆಯ ಕೆಳಗೆ ಬೀಳುತ್ತದೆ. ನೀವು ಗಮನ ಕೊಡಬೇಕಾದದ್ದು ಇಲ್ಲಿ. ಈಗ ಸಾಲುತ್ತದೆ, ಆದರೆ ನಿಂತಲ್ಲೇ ನಿಲ್ಲುವಂತಿಲ್ಲ. ಟೆಕ್ಸಾಸ್‌ನವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಮುಂದೆ ಎಸ್ಎಟಿಯಲ್ಲಿ 480 ಮತ್ತು 530 ಬಂದರೆ, ರಾಜ್ಯದ ಸರ್ಕಾರಿ ಕಾಲೇಜುಗಳಿಗೆ ಸೇರುವಾಗ ಟಿಎಸ್ಐ ಅನ್ನುವ ಬೇರೆ ಪರೀಕ್ಷೆ ಬರೆಯುವ ಕೆಲಸ ತಪ್ಪುತ್ತದೆ.

ಈಗ ವರದಿಯ ಕೆಳಭಾಗಕ್ಕೆ ಬನ್ನಿ. ಹೆಚ್ಚಿನ ಅಪ್ಪ ಅಮ್ಮ ಅಲ್ಲಿಗೆ ಬರುವುದೇ ಇಲ್ಲ. ಮೇಲೆ ದೊಡ್ಡದಾಗಿ ಬರೆದ 1080 ನೋಡಿ ಅಲ್ಲೇ ನಿಂತುಬಿಡುತ್ತಾರೆ. ನಾನು ಪೋಷಕರ ಜೊತೆ ಕೂತು ಈ ವರದಿ ಓದುವಾಗ ಕೆಳಗಿನಿಂದಲೇ ಶುರು ಮಾಡುತ್ತೇನೆ. ಅಲ್ಲಿ ಒಂದೊಂದು ವಿಷಯಕ್ಕೆ ಒಂದರಂತೆ ಎಂಟು ಅಡ್ಡ ಪಟ್ಟಿಗಳಿವೆ (ಬಾರ್). ಇಂಗ್ಲಿಷಿಗೆ ನಾಲ್ಕು, ಗಣಿತಕ್ಕೆ ನಾಲ್ಕು. ಗಣಿತದವು ಆಲ್ಜೀಬ್ರಾ, ಅಡ್ವಾನ್ಸ್ಡ್ ಮ್ಯಾಥ್, ಪ್ರಾಬ್ಲಮ್ ಸಾಲ್ವಿಂಗ್ ಆ್ಯಂಡ್ ಡೇಟಾ ಅನಾಲಿಸಿಸ್, ಜ್ಯಾಮಿಟ್ರಿ ಆ್ಯಂಡ್ ಟ್ರಿಗನಾಮಿಟ್ರಿ. ಒಂದೊಂದು ಪಟ್ಟಿ ಎಷ್ಟು ತುಂಬಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಪಕ್ಕದಲ್ಲಿ, ಆ ಭಾಗದಿಂದ ಸುಮಾರು ಎಷ್ಟು ಪ್ರಶ್ನೆ ಬರುತ್ತವೆ ಅನ್ನುವುದೂ ಇರುತ್ತದೆ.

ನಿಮ್ಮ ಮಗಳ ವರದಿ ನನ್ನ ಮುಂದಿಲ್ಲ. ಆದರೆ ಹತ್ತನೇ ಗ್ರೇಡಿನಲ್ಲಿ ಜ್ಯಾಮಿಟ್ರಿ ಓದುತ್ತಿದ್ದಾಳೆ ಅಂದಿರಲ್ಲ, ಅಷ್ಟು ಸಾಕು. ಅಡ್ವಾನ್ಸ್ಡ್ ಮ್ಯಾಥ್ ಪಟ್ಟಿ ಅರ್ಧವೂ ತುಂಬಿರಲಿಕ್ಕಿಲ್ಲ. ಯಾಕೆ ಹೇಳಿ? ಟೆಕ್ಸಾಸ್ ಶಾಲೆಗಳಲ್ಲಿ ಸಾಮಾನ್ಯ ದಾರಿ ಹೀಗಿದೆ: ಒಂಬತ್ತರಲ್ಲಿ ಆಲ್ಜೀಬ್ರಾ ಒಂದು, ಹತ್ತರಲ್ಲಿ ಜ್ಯಾಮಿಟ್ರಿ, ಹನ್ನೊಂದರಲ್ಲಿ ಆಲ್ಜೀಬ್ರಾ ಎರಡು. ಪಿಎಸ್ಎಟಿ ಗಣಿತದಲ್ಲಿ ಸುಮಾರು ಮೂರನೇ ಒಂದು ಭಾಗ ಅಡ್ವಾನ್ಸ್ಡ್ ಮ್ಯಾಥ್. ಅದರಲ್ಲಿ ಬಹಳಷ್ಟು ಆಲ್ಜೀಬ್ರಾ ಎರಡರಲ್ಲಿ ಗಟ್ಟಿಯಾಗುವ ವಿಷಯ. ಪರೀಕ್ಷೆ ಅಕ್ಟೋಬರ್‌ನಲ್ಲಿ. ಶಾಲೆ ಶುರುವಾಗಿದ್ದು ಆಗಸ್ಟ್‌ನಲ್ಲಿ. ಎರಡು ತಿಂಗಳ ಜ್ಯಾಮಿಟ್ರಿ ಮುಗಿಸಿ ಹೋದ ಹುಡುಗಿಗೆ ಆ ಪ್ರಶ್ನೆಗಳನ್ನು ಇನ್ನೂ ಯಾರೂ ಹೇಳಿಕೊಟ್ಟೇ ಇಲ್ಲ. ನಿಮ್ಮ ಭಾವನ ಮಗಳು ಪ್ರೀಕ್ಯಾಲ್ಕುಲಸ್‌ನಲ್ಲಿದ್ದಾಳೆ, ಅಂದರೆ ಅವಳು ಆಲ್ಜೀಬ್ರಾ ಒಂದನ್ನು ಮಿಡ್ಲ್ ಸ್ಕೂಲಿನಲ್ಲೇ ಮುಗಿಸಿ, ಆಲ್ಜೀಬ್ರಾ ಎರಡನ್ನೂ ದಾಟಿ ಬಂದಿದ್ದಾಳೆ. ಇಬ್ಬರೂ ಒಂದೇ ಗ್ರೇಡಿನಲ್ಲಿರಬಹುದು. ಗಣಿತದಲ್ಲಿ ಅವರ ನಡುವೆ ಎರಡು ವರ್ಷದ ಪಾಠ ಇದೆ. ಅವರಿಬ್ಬರ ಗಣಿತದ ಅಂಕ ಹೋಲಿಸಿ ಮಗಳ ಬುದ್ಧಿ ಅಳೆಯುವುದು ಅನ್ಯಾಯ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಒಂದು ಪ್ರಶ್ನೆ ನೋಡಿ, ಆ ಪಟ್ಟಿಯಲ್ಲಿ ಏನಿರುತ್ತದೆ ಅಂತ ಗೊತ್ತಾಗಲಿ. ಇದು ನಾನೇ ಮಾಡಿದ ಮಾದರಿ. ವೈ = ಎಕ್ಸ್² + 4ಎಕ್ಸ್ ಅನ್ನುವ ಪ್ಯಾರಾಬೋಲ, ವೈ = 2ಎಕ್ಸ್ + ಕೆ ಅನ್ನುವ ನೇರ ರೇಖೆ. ಎರಡೂ ಸರಿಯಾಗಿ ಒಂದೇ ಒಂದು ಬಿಂದುವಿನಲ್ಲಿ ಸೇರಬೇಕು. ಕೆ ಎಷ್ಟು? ನಿಮ್ಮ ಯಜಮಾನರು ಪಿಯುಸಿಯಲ್ಲಿ ಗಣಿತ ಓದಿದ್ದರೆ ಎರಡು ನಿಮಿಷದ ಕೆಲಸ. ಎರಡನ್ನೂ ಸಮ ಮಾಡಿದರೆ ಎಕ್ಸ್² + 2ಎಕ್ಸ್ − ಕೆ = 0. ಒಂದೇ ಉತ್ತರ ಬರಬೇಕಾದರೆ ಶೋಧಕ ಸೊನ್ನೆ ಆಗಬೇಕು. 4 + 4ಕೆ = 0, ಹಾಗಾಗಿ ಕೆ = −1. ಎಸ್ಎಸ್ಎಲ್‌ಸಿಯ ವರ್ಗ ಸಮೀಕರಣದ ಪಾಠದಲ್ಲಿ ಶೋಧಕ ಕಲಿತವರಿಗೆ ಇದು ಹೊಸದೇನಲ್ಲ. ಆದರೆ ರೇಖೆ ಮತ್ತು ಪ್ಯಾರಾಬೋಲವನ್ನು ಹೀಗೆ ಸೇರಿಸಿ ಬಿಡಿಸುವುದು ಟೆಕ್ಸಾಸ್ ಪಠ್ಯದಲ್ಲಿ ಆಲ್ಜೀಬ್ರಾ ಎರಡರ ಪಾಠ. ನಿಮ್ಮ ಮಗಳು ಇನ್ನೂ ಅಲ್ಲಿಗೆ ಬಂದಿಲ್ಲ.

ಇದನ್ನು ಅಪ್ಪ ಮಗಳು ಊಟದ ಟೇಬಲ್ ಮೇಲೆ ಜೊತೆಗೆ ಕೂತು ಮಾಡಲಿ. ಬ್ಲೂಬುಕ್ ಒಳಗೇ ಡೆಸ್ಮೋಸ್ ಅನ್ನುವ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇದೆ, ಗಣಿತ ವಿಭಾಗದುದ್ದಕ್ಕೂ ಬಳಸಬಹುದು. ಮಗಳು ಅದರಲ್ಲಿ ಎರಡೂ ಗೆರೆ ಎಳೆದು, ಕೆ ಬೆಲೆ ಸರಿಸುತ್ತಾ ಹೋದರೆ ರೇಖೆ ಮೇಲಿಂದ ಕೆಳಗೆ ಇಳಿದು −1ಕ್ಕೆ ಬಂದಾಗ ಪ್ಯಾರಾಬೋಲವನ್ನು ಸವರಿ ನಿಲ್ಲುವುದು ಕಾಣುತ್ತದೆ. ಅಪ್ಪ ಕಾಗದದ ಮೇಲೆ ಮಾಡಲಿ, ಅವಳು ಪರದೆಯ ಮೇಲೆ ಮಾಡಲಿ. ಎರಡೂ ಒಂದೇ ಉತ್ತರಕ್ಕೆ ಬಂದಾಗ ನಿಂತುಹೋದ ಮಾತು ತಾನಾಗೇ ಶುರುವಾಗುತ್ತದೆ.

ವರದಿಯ ಮೊದಲ ನಿಜವಾದ ಉಪಯೋಗ ಬರುವ ಜನವರಿ, ಫೆಬ್ರವರಿಯಲ್ಲಿ. ಆಗ ಶಾಲೆಗಳು ಮುಂದಿನ ವರ್ಷದ ಕೋರ್ಸ್ ಆರಿಸಲು ಹೇಳುತ್ತವೆ. ಈ ಫಾರ್ಮ್ ಅನ್ನು ಹೆಚ್ಚಿನ ಮನೆಗಳಲ್ಲಿ ಮಕ್ಕಳೇ ತುಂಬುತ್ತಾರೆ, ಅಪ್ಪ ಅಮ್ಮ ಸುಮ್ನೆ ಸಹಿ ಹಾಕುತ್ತಾರೆ. ನನ್ನ ಪ್ರಕಾರ ಕೋಚಿಂಗ್ ಕ್ಲಾಸಿನ ಫಾರ್ಮಿಗಿಂತ ಈ ಫಾರ್ಮ್ ಎಷ್ಟೋ ಪಾಲು ಮುಖ್ಯ. ಅದಕ್ಕೆ ಮೊದಲೇ ಶಾಲೆಯ ಕೌನ್ಸೆಲರ್ ಹತ್ತಿರ ಸಮಯ ಕೇಳಿ. ಒಬ್ಬೊಬ್ಬ ಕೌನ್ಸೆಲರ್‌ಗೆ ನೂರಾರು ಮಕ್ಕಳು, ತಡ ಮಾಡಿದರೆ ಸಮಯ ಸಿಗುವುದಿಲ್ಲ. ವರದಿಯ ಪ್ರತಿ ತಗೊಂಡು ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ, ಅವಳೇ ಮಾತಾಡಲಿ.

ಹನ್ನೊಂದರಲ್ಲಿ ಆಲ್ಜೀಬ್ರಾ ಎರಡು ಯಾವ ಮಟ್ಟದ್ದು ತಗೊಳ್ಳಬೇಕು, ಮಾಮೂಲಿಯದೋ, ಅದಕ್ಕಿಂತ ಕಷ್ಟದ ಆನರ್ಸೋ? ಹನ್ನೆರಡರಲ್ಲಿ ಪ್ರೀಕ್ಯಾಲ್ಕುಲಸ್ ಅಥವಾ ಕಾಲೇಜು ಮಟ್ಟದ ಕೋರ್ಸ್ ಆದ ಎಪಿ ಸ್ಟಾಟಿಸ್ಟಿಕ್ಸ್‌ಗೆ ಆ ದಾರಿ ಹೋಗುತ್ತದಾ? ಇದನ್ನು ಕೇಳಿ. ಬೇಸಿಗೆಯಲ್ಲಿ ಒಂದು ಗಣಿತ ಕೋರ್ಸ್ ಮುಗಿಸಿ ಮುಂದೆ ಹಾರುವ ವ್ಯವಸ್ಥೆ ಕೆಲವು ಕಡೆ ಇದೆ. ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ಆರು ವಾರದಲ್ಲಿ ನುಂಗಿದ ಆಲ್ಜೀಬ್ರಾ ಎರಡು ಆಮೇಲೆ ಪ್ರೀಕ್ಯಾಲ್ಕುಲಸ್‌ನಲ್ಲಿ ಕೈ ಕೊಡುವುದನ್ನು ತುಂಬಾ ನೋಡಿದ್ದೇನೆ. ಮಗಳಿಗೆ ಎಂಜಿನಿಯರಿಂಗ್ ಮೇಲೆ ನಿಜವಾಗಿ ಮನಸ್ಸಿದ್ದು, ಹನ್ನೆರಡರಲ್ಲಿ ಕ್ಯಾಲ್ಕುಲಸ್ ಬೇಕೇ ಬೇಕು ಅಂತ ಅವಳೇ ಕೇಳಿದರೆ ಆಗ ಯೋಚಿಸಿ. ನೆಂಟರ ಮಗಳಿಗೆ ಸಮ ಆಗಬೇಕು ಅಂತ ಬೇಡ. ಇಂಗ್ಲಿಷಿನ ಕಡೆ ಧೈರ್ಯವಾಗಿ ಮುಂದೆ ಹೋಗಿ. 590 ಬಂದ ಹುಡುಗಿ ಎಪಿ ಇಂಗ್ಲಿಷ್ ಅಥವಾ ಎಪಿ ಯುಎಸ್ ಹಿಸ್ಟರಿ ಬಗ್ಗೆ ಖಂಡಿತ ಯೋಚಿಸಬಹುದು. ಪಿಎಸ್ಎಟಿ ಅಂಕ ನೋಡಿ ಯಾವ ಮಕ್ಕಳು ಯಾವ ಎಪಿಗೆ ಸಿದ್ಧ ಅಂತ ಹೇಳುವ ಪಟ್ಟಿ ಶಾಲೆಯವರ ಹತ್ತಿರವೂ ಇರುತ್ತದೆ, ಕೇಳಿ.

ಇಲ್ಲೇ ಕನ್ನಡದ ಪ್ರಶ್ನೆಗೂ ಬರುತ್ತೇನೆ. ನಿಮ್ಮ ಮಗಳ ಗಟ್ಟಿ ವಿಭಾಗವೇ ಇಂಗ್ಲಿಷ್. ಮನೆಯಲ್ಲಿ ಕನ್ನಡ ಮಾತಾಡಿದ್ದು ಅವಳನ್ನು ಎಲ್ಲೂ ಹಿಂದೆ ಹಾಕಿಲ್ಲ, ಅಂಕವೇ ನಿಮ್ಮ ಮುಂದಿದೆ. ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಹರಟುವ ಮಗುವಿನಿಂದ ಅದನ್ನು ಕಿತ್ತುಕೊಳ್ಳಬೇಡಿ. ಅಂಕ ಏರಿಸಬೇಕು ಅಂತಿದ್ದರೆ ದಿನಾ ಅರ್ಧ ಗಂಟೆ ಏನಾದರೂ ಓದಲಿ. ವಿಜ್ಞಾನದ ಲೇಖನ, ಹಳೆಯ ಭಾಷಣ, ಕವಿತೆ, ಕಾದಂಬರಿ, ಏನಾದರೂ ಸರಿ. ಈಗಿನ ಪರೀಕ್ಷೆಯಲ್ಲಿ ಉದ್ದ ಪಾಠಗಳಿಲ್ಲ. 25ರಿಂದ 150 ಪದಗಳ ಚಿಕ್ಕ ಚಿಕ್ಕ ತುಣುಕು, ಒಂದೊಂದಕ್ಕೆ ಒಂದೇ ಪ್ರಶ್ನೆ. ಆದರೆ ತುಣುಕಿನಿಂದ ತುಣುಕಿಗೆ ವಿಷಯ ಬದಲಾಗುತ್ತಲೇ ಇರುತ್ತದೆ, ಅದಕ್ಕೆ ಬಗೆಬಗೆಯ ಓದು ಬೇಕು.

3,000 ಡಾಲರ್ ಕೋಚಿಂಗ್ ಈಗ ಬೇಡ. ಸ್ಪಷ್ಟವಾಗಿ ಹೇಳುತ್ತೇನೆ, ಬೇಡ. ಕಲಿಯದ ಪಾಠದ ಮೇಲೆ ಪರೀಕ್ಷೆಯ ಟ್ರಿಕ್ ಕಲಿಸಿ ಪ್ರಯೋಜನ ಇಲ್ಲ. ಈ ವಾರವೇ ಸೇರಿ ಅನ್ನುವುದರಲ್ಲಿ ಅವಸರ ಇರುವುದು ಅವರಿಗೆ, ನಿಮಗಲ್ಲ. ಅವಳು ಎಸ್ಎಟಿ ಮೊದಲ ಸಲ ಬರೆಯಬೇಕಾದದ್ದು ಹನ್ನೊಂದನೇ ಗ್ರೇಡಿನ ವಸಂತದಲ್ಲಿ, ಮಾರ್ಚ್ ಅಥವಾ ಮೇ. ಬೇಕಾದರೆ ಹನ್ನೆರಡರ ಶುರುವಿನಲ್ಲಿ ಇನ್ನೊಂದು ಸಲ. ಅಲ್ಲಿಯವರೆಗೆ ಒಂದು ವರ್ಷಕ್ಕೂ ಜಾಸ್ತಿ ಸಮಯ ಇದೆ. ಬ್ಲೂಬುಕ್‌ನಲ್ಲಿ ಪೂರ್ತಿ ಉದ್ದದ ಅಭ್ಯಾಸ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಖಾನ್ ಅಕಾಡೆಮಿಯಲ್ಲಿ ಎಸ್ಎಟಿ ತಯಾರಿ ಕೂಡ ಉಚಿತ, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಜೊತೆ ಸೇರಿ ಮಾಡಿದ್ದು. ನಿಜವಾದ ಪಿಎಸ್ಎಟಿ ಮುಗಿದ ಮೇಲೆ ಮಗಳು ತಪ್ಪು ಮಾಡಿದ ಪ್ರಶ್ನೆಗಳನ್ನು ಕೊಡುವುದಿಲ್ಲ, ಪಟ್ಟಿಗಳನ್ನಷ್ಟೇ ಕೊಡುತ್ತಾರೆ. ಅಭ್ಯಾಸ ಪರೀಕ್ಷೆಯಲ್ಲಿ ಮಾತ್ರ ಪ್ರತಿ ತಪ್ಪನ್ನೂ ತೆರೆದು ನೋಡಬಹುದು. ಅದಕ್ಕೇ ಅದರ ಬೆಲೆ ಜಾಸ್ತಿ.

ಹೀಗೆ ಮಾಡಿ. ರಜೆಯಲ್ಲಿ ಒಂದು ಬೆಳಗ್ಗೆ, ಫೋನ್ ಆಚೆ ಇಟ್ಟು, ಒಂದೇ ಕೂತಿಗೆ ಒಂದು ಅಭ್ಯಾಸ ಪರೀಕ್ಷೆ ಬರೆಯಲಿ. ಆಮೇಲೆ ಪ್ರತಿ ತಪ್ಪಿನ ಮುಂದೆ ಮೂರರಲ್ಲಿ ಒಂದನ್ನು ಅವಳೇ ಬರೆಯಲಿ: ಪಾಠ ಆಗಿಲ್ಲ, ಪಾಠ ಆಗಿದೆ ಆದರೆ ಮರೆತೆ, ಗೊತ್ತಿತ್ತು ಆದರೆ ಅವಸರ ಮಾಡಿದೆ. ಪಾಠ ಆಗದವನ್ನು ಬಿಟ್ಟುಬಿಡಿ, ಅದು ಮುಂದಿನ ವರ್ಷ ಶಾಲೆಯಲ್ಲೇ ಬರುತ್ತದೆ. ಮರೆತವನ್ನು ವಾರಕ್ಕೆ ಎರಡು ಸಲ ಖಾನ್ ಅಕಾಡೆಮಿಯಲ್ಲಿ ತಿದ್ದಿಕೊಳ್ಳಲಿ. ಅವಸರದವು ಜಾಸ್ತಿ ಇದ್ದರೆ, ಮೊದಲ ಭಾಗದಲ್ಲಿ ನಿಧಾನ ಮಾಡುವ ಅಭ್ಯಾಸ ಬೇಕು. ಆಲ್ಜೀಬ್ರಾ ಎರಡು ಅರ್ಧ ಮುಗಿದ ಮೇಲೂ ಅಂಕ ಅಲ್ಲೇ ನಿಂತಿದ್ದರೆ, ಆಗ ಒಬ್ಬ ಒಳ್ಳೆಯ ಟ್ಯೂಟರ್ ಹುಡುಕಿ. ಯಾವ ಪಟ್ಟಿಗೆ ಸಹಾಯ ಬೇಕು ಅಂತ ಅಷ್ಟೊತ್ತಿಗೆ ನಿಮಗೇ ಗೊತ್ತಿರುತ್ತದೆ. ದುಡ್ಡು ಆ ಜಾಗಕ್ಕೇ ಹೋಗುತ್ತದೆ.

ಒಂದು ಸೂಕ್ಷ್ಮ ವಿಷಯ. ಶಾಲೆಯಲ್ಲಿ ಎ ತೆಗೆಯುವ ಮಗು ಸಮಯ ಕಟ್ಟಿದ ಪರೀಕ್ಷೆಯಲ್ಲಿ ಮಾತ್ರ ಪದೇ ಪದೇ ಹಿಂದೆ ಬಿದ್ದರೆ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದರೆ, ಕೊನೆಯ ಪ್ರಶ್ನೆಗಳು ಯಾವಾಗಲೂ ಉಳಿದುಹೋಗುತ್ತಿದ್ದರೆ, ಸೋಮಾರಿ ಅಂತ ಬೈಯುವ ಮೊದಲು ಶಾಲೆಯವರ ಹತ್ತಿರ ಮಾತಾಡಿ. ಗಮನದ ತೊಂದರೆ, ಓದಿನ ತೊಂದರೆ ಇರುವ ಮಕ್ಕಳಿಗೆ ಕಾಲೇಜ್ ಬೋರ್ಡ್ ಹೆಚ್ಚಿನ ಸಮಯ ಕೊಡುತ್ತದೆ. ಅದಕ್ಕೆ ಶಾಲೆಯ ಮೂಲಕ ಬಹಳ ಮೊದಲೇ ಅರ್ಜಿ ಹಾಕಬೇಕು. ನಮ್ಮ ಮನೆಗಳಲ್ಲಿ ಇದನ್ನು ಮುಚ್ಚಿಡುವವರೇ ಜಾಸ್ತಿ. ಮುಚ್ಚಿಟ್ಟರೆ ನರಳುವುದು ಮಗು. ಹೆಚ್ಚಿನ ಸಮಯ ತಗೊಂಡಿದ್ದಾಳೆ ಅನ್ನುವುದು ಕಾಲೇಜಿಗೆ ಹೋಗುವ ಅಂಕಪಟ್ಟಿಯಲ್ಲಿ ಇರುವುದಿಲ್ಲ.

ಕಾಲೇಜಿನ ಲೆಕ್ಕಕ್ಕೆ ಬರೋಣ. ಎಸ್ಎಟಿ ಬೇಕಾ ಬೇಡವಾ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2021ರಿಂದ ಸೇರಿಸಿಕೊಳ್ಳುವಾಗ ಎಸ್ಎಟಿ ನೋಡುವುದೇ ಇಲ್ಲ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ನಿಮ್ಮ ಊರಿನ ಹತ್ತಿರಕ್ಕೆ ಬಂದರೆ, ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ (ಯುಟಿ ಆಸ್ಟಿನ್) 2025ರ ಫಾಲ್ ಸೆಮಿಸ್ಟರ್‌ಗೆ ಸೇರುವವರಿಂದ ಮತ್ತೆ ಎಸ್ಎಟಿ ಅಥವಾ ಅಂಥದ್ದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಕೇಳಲು ಶುರು ಮಾಡಿದೆ. ಆದರೆ ಅಲ್ಲಿ ಅದಕ್ಕಿಂತ ದೊಡ್ಡದು ತರಗತಿಯ ರ‍್ಯಾಂಕ್. ಟೆಕ್ಸಾಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಹೈಸ್ಕೂಲಿನಲ್ಲಿ ಮೊದಲ 10 ಪರ್ಸೆಂಟಿನಲ್ಲಿರುವ ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಸಿಗುತ್ತದೆ. ಯುಟಿ ಆಸ್ಟಿನ್‌ಗೆ ಮಾತ್ರ ಆ ಗೆರೆ ಮೇಲಿದೆ, 2026ರ ಫಾಲ್‌ನಿಂದ ಮೊದಲ 5 ಪರ್ಸೆಂಟ್. ಆ ರ‍್ಯಾಂಕ್ ಬರುವುದು ಶಾಲೆಯ ದಿನನಿತ್ಯದ ಗ್ರೇಡುಗಳಿಂದ. ನೇರ ಪ್ರವೇಶ ಅಂದರೆ ಕೇಳಿದ ಮೇಜರ್, ಅಂದರೆ ಮುಖ್ಯ ವಿಷಯ, ಸಿಕ್ಕೇ ಸಿಗುತ್ತದೆ ಅಂತಲ್ಲ, ಕಂಪ್ಯೂಟರ್ ಸೈನ್ಸ್‌ನಂಥವಕ್ಕೆ ಬೇರೆಯೇ ಪೈಪೋಟಿ ಇದೆ. ಹಾಗಾಗಿ ಎಸ್ಎಟಿ ತಯಾರಿಗೆ ಅಂತ ಜ್ಯಾಮಿಟ್ರಿ ಹೋಂವರ್ಕ್ ಹಿಂದೆ ಬೀಳುವುದಾದರೆ, ಎಸ್ಎಟಿ ತಯಾರಿಯನ್ನೇ ನಿಲ್ಲಿಸಿ.

ಮಗಳಿಗೆ ಇಷ್ಟವಾದ ಐದಾರು ಕಾಲೇಜಿನ ಹೆಸರು ಬರೆದುಕೊಳ್ಳಿ. ಪ್ರತಿ ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಅಂತ ಸೇರಿಸಿ ಹುಡುಕಿ. ಅದರಲ್ಲಿ, ಸೇರಿದ ಮಕ್ಕಳ ಮಧ್ಯದ ಅರ್ಧ ಭಾಗದವರ ಎಸ್ಎಟಿ ಅಂಕ ಎಲ್ಲಿಂದ ಎಲ್ಲಿಯವರೆಗೆ ಅಂತ ಇರುತ್ತದೆ. ಒಂದು ಕಾಲೇಜಿಗೆ 1150ರಿಂದ 1350 ಅಂತಿದ್ದರೆ, ಅಲ್ಲಿ ಸೇರಿದ ನಾಲ್ಕರಲ್ಲಿ ಒಬ್ಬರ ಅಂಕ 1150 ಅಥವಾ ಅದಕ್ಕಿಂತ ಕಡಿಮೆ. ಇದು ಗೊತ್ತಾದರೆ ಅಂಕದ ಗುರಿ ನಿಮ್ಮ ಭಾವನ ಮಗಳಿಂದ ಬರುವುದಿಲ್ಲ, ಕಾಲೇಜಿನ ಪಟ್ಟಿಯಿಂದ ಬರುತ್ತದೆ. ಕಡ್ಡಾಯ ಇಲ್ಲದ ಕಡೆಯಲ್ಲೂ ಒಳ್ಳೆಯ ಎಸ್ಎಟಿ ಅಂಕ ಸ್ಕಾಲರ್‌ಶಿಪ್‌ಗೆ ನೆರವಾಗುವುದುಂಟು. ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ ಬಂದ, ಅಂದರೆ ಎಚ್4 ವೀಸಾದ ಮಕ್ಕಳಿಗೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ಸಹಾಯ ಸಿಗುವುದಿಲ್ಲ. ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಮನೆಗಳಿಗೆ ಕಾಲೇಜೇ ಕೊಡುವ ಈ ಹಣ ದೊಡ್ಡ ಆಸರೆ.

ನ್ಯಾಷನಲ್ ಮೆರಿಟ್ ಅನ್ನುವ ಸ್ಕಾಲರ್‌ಶಿಪ್ ಸ್ಪರ್ಧೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ತಲೆಗೆ ತುಂಬುತ್ತಾರೆ. ಅದಕ್ಕೆ ಎಣಿಸುವುದು ಹನ್ನೊಂದನೇ ಗ್ರೇಡಿನ ಪಿಎಸ್ಎಟಿ. ಇಂಗ್ಲಿಷ್ ಅಂಕವನ್ನು ಎರಡರಷ್ಟು ಮಾಡಿ, ಗಣಿತ ಸೇರಿಸಿ, ಹತ್ತರಿಂದ ಭಾಗಿಸುತ್ತಾರೆ. ನಿಮ್ಮ ಮಗಳದು ಈಗ 167. ಟೆಕ್ಸಾಸ್‌ನಲ್ಲಿ ಸೆಮಿಫೈನಲಿಸ್ಟ್ ಆಗಲು ಇತ್ತೀಚೆಗೆ ಬೇಕಾಗಿರುವುದು 220ರ ಆಸುಪಾಸು, ಗರಿಷ್ಠ 228. ಅದನ್ನು ಗುರಿ ಮಾಡಿ ಮನೆಯ ನೆಮ್ಮದಿ ಕಳೆದುಕೊಳ್ಳಬೇಡಿ. ಹಾಗೇ ಇನ್ನು ಕೆಲವು ತಿಂಗಳು ಕಾಲೇಜುಗಳಿಂದ ಬಣ್ಣಬಣ್ಣದ ಕಾಗದ, ಇಮೇಲ್ ಬಂದರೆ, ಅದು ಪ್ರಚಾರ. ಕರೆದಿದ್ದಾರೆ ಅಂತ ಊರಿಗೆ ಫೋನ್ ಮಾಡಿ ಹೇಳುವಂಥದ್ದಲ್ಲ.

ಊರಿನ ಫೋನ್ ಅಂದಾಗ ನೆನಪಾಯಿತು. ಎಷ್ಟು ಬಂತು ಅಂತ ಯಾರಾದರೂ ಕೇಳಿದರೆ, ಮಗಳನ್ನು ಕೇಳದೆ ಅಂಕ ಹೇಳಬೇಡಿ. ಅದು ಅವಳ ಅಂಕ. ಹದಿನೈದು ಹದಿನಾರರ ಮಗು ತನ್ನ ಸಂಖ್ಯೆ ತನಗಿಂತ ಮೊದಲೇ ದೊಡ್ಡಪ್ಪನ ಮನೆ ತಲುಪಿದೆ ಅಂತ ತಿಳಿದರೆ, ಮುಂದಿನ ವರದಿಯನ್ನು ನಿಮಗೆ ತೋರಿಸಲು ಹಿಂಜರಿಯುತ್ತಾಳೆ. ಅಭ್ಯಾಸದ ಪರೀಕ್ಷೆ, ಕಲಿಯುತ್ತಾ ಇದ್ದಾಳೆ ಅಂದರೆ ಸಾಕು.

ಅವಳ ಜೊತೆ ಮಾತು ಹೇಗೆ ಶುರು ಮಾಡುವುದು ಅಂತ ನಿಮ್ಮ ಯಜಮಾನರು ಕೇಳಬಹುದು. ಯಾಕೆ ಕಡಿಮೆ ಬಂತು ಅಂತ ಕೇಳಬೇಡಿ ಅನ್ನಿ. ವರದಿಯನ್ನು ಅವಳ ಕೈಗೇ ಕೊಟ್ಟು, ಇದನ್ನು ನನಗೆ ಅರ್ಥ ಮಾಡಿಸು ಪುಟ್ಟಿ ಅನ್ನಲಿ. ಯಾವ ಪ್ರಶ್ನೆ ಪೂರ್ತಿ ಹೊಸದು ಅನ್ನಿಸ್ತು, ಎಲ್ಲಿ ಟೈಮ್ ಸಾಲಲಿಲ್ಲ ಅಂತ ಕೇಳಲಿ. ಇಂಗ್ಲಿಷ್ ಅಂಕ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಲಿ. ಆ 590 ಬಗ್ಗೆ ನಿಮ್ಮ ಮನೆಯಲ್ಲಿ ಇನ್ನೂ ಯಾರೂ ಒಂದು ಒಳ್ಳೆ ಮಾತು ಆಡಿಲ್ಲ ಅಂತ ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿತು. ಅದನ್ನು ಇವತ್ತೇ ಆಡಿ. ಕೌನ್ಸೆಲರ್‌ಗೆ ಇಮೇಲ್ ನಾಳೆ ಕಳಿಸಿ, ಮಗಳ ಕೈಯಲ್ಲೇ ಬರೆಸಿ. ಕೋರ್ಸ್ ಆರಿಸುವ ಫಾರ್ಮ್ ಯಾವ ತಾರೀಕಿಗೆ ಕೊಡಬೇಕು ಅಂತ ಅದರಲ್ಲೇ ಕೇಳಲಿ.